ಶಾರ್ಟ್ ಬೆಡ್ ಟ್ರಕ್‌ಗೆ ಫಿಫ್ತ್ ವೀಲ್ ಹಿಚ್: ಸ್ಲೈಡರ್ ಬೇಕೇ ಬೇಕಾ?

ಪ್ಲೇನೋ_ಪಯಣ:

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಟ್ರಕ್ ಫೋರ್ಡ್ ಎಫ್-250, ಕ್ರೂ ಕ್ಯಾಬ್, ಫೋರ್-ಬೈ-ಫೋರ್, 6.7 ಡೀಸೆಲ್, ಬೆಡ್ (ಹಿಂದಿನ ಸಾಮಾನಿನ ತೊಟ್ಟಿ) 6¾ ಅಡಿ. ಬೆಡ್‌ನಲ್ಲಿ ಕಂಪನಿಯಿಂದಲೇ ಬಂದ ಪಕ್ ಸಾಕೆಟ್‌ಗಳಿವೆ (ಹಿಚ್, ಅಂದರೆ ಟ್ರೈಲರ್ ಕೊಂಡಿಯ ಕಾಲುಗಳು ಕೂರುವ ಗುಂಡಿಗಳು), ಹಾಗಾಗಿ ಡ್ರಿಲ್ ಮಾಡುವ ಕೆಲಸವಿಲ್ಲ.

ನೋಡಿಟ್ಟಿರುವುದು ಫಿಫ್ತ್ ವೀಲ್, ಅಂದರೆ ಮೂತಿ ಟ್ರಕ್ ಬೆಡ್ ಮೇಲಿನ ಹಿಚ್‌ಗೆ ಕೂರುವ ಟ್ರೈಲರ್: ಜಿವಿಡಬ್ಲ್ಯುಆರ್ (ತುಂಬಿದಾಗ ಮೀರಬಾರದ ಒಟ್ಟು ತೂಕ) 11,995 ಪೌಂಡ್, ಖಾಲಿ ತೂಕ 9,300, ಬ್ರೋಷರ್‌ನಲ್ಲಿ ಕೊಟ್ಟ ಹಿಚ್ ತೂಕ 1,780, ಅಗಲ 102 ಇಂಚು. ಇನ್ನೂ ಮುಂಗಡ ಕೊಟ್ಟಿಲ್ಲ. ದೊಡ್ಡವರಿಬ್ಬರು, ಮಕ್ಕಳಿಬ್ಬರು. ಯೂಟಾ, ಅರಿಜೋನಾ ಕಡೆಯ ನ್ಯಾಷನಲ್ ಪಾರ್ಕ್‌ಗಳಿಗೆ ಹೋಗುವ ಯೋಚನೆ.

ಡೀಲರ್ ಹೇಳುವುದು, ಈಗಿನ ಟ್ರೈಲರ್‌ಗಳ ಮೂತಿಯ ಮೂಲೆ ಕತ್ತರಿಸಿರುತ್ತೆ, 90 ಡಿಗ್ರಿ ತಿರುಗುತ್ತೆ, ಫಿಕ್ಸೆಡ್ ಹಿಚ್ ಸಾಕು ಅಂತ. ಇನ್ನೊಬ್ಬರು ಸ್ಲೈಡರ್ (ಬೆಡ್‌ನಲ್ಲಿ ಹಿಂದಕ್ಕೆ ಸರಿಯುವ ಹಿಚ್) ಇಲ್ಲದೆ ಹೋದರೆ ಹಿಂದಿನ ಗಾಜು ಪುಡಿ ಅಂತಾರೆ. ನನ್ನ ಪ್ರಶ್ನೆಗಳು:

ಫಿಕ್ಸೆಡ್, ಕೈಯಿಂದ ಸರಿಸುವ ಸ್ಲೈಡರ್, ತಾನೇ ಸರಿಯುವ ಸ್ಲೈಡರ್, ಸೈಡ್‌ವಿಂಡರ್ ಪಿನ್ ಬಾಕ್ಸ್ (ಟ್ರೈಲರ್ ಮೂತಿಯಡಿ, ಹಿಚ್‌ಗೆ ಸಿಕ್ಕುವ ಪಿನ್ ಇರುವ ಪೆಟ್ಟಿಗೆ), ಆ್ಯಂಡರ್ಸನ್ ಬಾಲ್ ಹಿಚ್: ಇವುಗಳಲ್ಲಿ ನನ್ನ ಬೆಡ್‌ಗೆ ಯಾವುದು? ಪಕ್‌ಗೆ ಕೂರುವ ಹಿಚ್ ಹಾಕುವಾಗ ಏನೇನು ನೋಡಬೇಕು? ಟ್ರಕ್ 12,000 ಪೌಂಡ್ ಎಳೆಯುತ್ತೆ ಅಲ್ವಾ, ಅದರಲ್ಲಿ ಸಂಶಯವಿಲ್ಲ ಅಂದುಕೊಂಡಿದ್ದೇನೆ.


ತೂಕದಯ್ಯ:

ಕೊನೆಯ ಸಾಲಿನಿಂದಲೇ ಶುರು ಮಾಡೋಣ, ಏಕೆಂದರೆ ಹಿಚ್‌ನ ಪ್ರಶ್ನೆ ಅದಾದ ಮೇಲಿನದು. ಎಳೆಯುತ್ತೆ, ನಿಜ. ಹೊರುತ್ತಾ ಅನ್ನೋದು ಬೇರೆ ಲೆಕ್ಕ. ಫಿಫ್ತ್ ವೀಲ್‌ನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಟ್ರಕ್‌ನ ಬೆನ್ನ ಮೇಲೆಯೇ ಕೂರುತ್ತೆ.

ಡ್ರೈವರ್ ಬಾಗಿಲು ತೆರೆದು ಕಂಬದ ಮೇಲಿನ ಹಳದಿ-ಬಿಳಿ ಸ್ಟಿಕರ್ ನೋಡಿ. ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಒಂದು ಅಂಕಿ ಇರುತ್ತೆ. ಅದು ನಿಮ್ಮ ಟ್ರಕ್‌ನದ್ದು ಮಾತ್ರ. ಪಕ್ಕದ ಮನೆಯವರ ಎಫ್-250ರ ಅಂಕಿ ನಿಮಗೆ ಆಗಲ್ಲ. ಡೀಸೆಲ್ ಎಂಜಿನ್, ಫೋರ್-ಬೈ-ಫೋರ್, ಸನ್‌ರೂಫ್, ಹೀಗೆ ಏನು ಸೇರಿದರೂ ಆ ಅಂಕಿ ಇಳಿಯುತ್ತೆ. ಜಿವಿಡಬ್ಲ್ಯುಆರ್ 10,000 ಪೌಂಡ್‌ಗೆ ಕಟ್ಟಿಹಾಕಿದ ಎಫ್-250 ಡೀಸೆಲ್‌ಗಳಲ್ಲಿ ಇದೇ ಮೊದಲು ಕೈಕೊಡುವ ಅಂಕಿ.

ಬ್ರೋಷರ್‌ನ 1,780 ಮರೆತುಬಿಡಿ. ಅದು ಬ್ಯಾಟರಿ, ಪ್ರೊಪೇನ್, ನೀರು, ಪಾತ್ರೆಪಗಡ ಯಾವುದೂ ಇಲ್ಲದಾಗಿನ ತೂಕ. ಫಿಫ್ತ್ ವೀಲ್‌ನಲ್ಲಿ ಸಾಮಾನು ತುಂಬುವ ದೊಡ್ಡ ಗೂಡು ಮುಂಭಾಗದಲ್ಲೇ ಇರುತ್ತೆ, ಸಿಲಿಂಡರ್‌ಗಳೂ ಸಾಮಾನ್ಯವಾಗಿ ಅಲ್ಲೇ, ಹಾಗಾಗಿ ತುಂಬಿದ್ದರಲ್ಲಿ ಹೆಚ್ಚಿನ ಪಾಲು ಪಿನ್‌ಗೇ ಬರುತ್ತೆ. ತುಂಬಿದ ತೂಕದ 20ರಿಂದ 25 ಶೇಕಡಾ ಹಿಡಿಯಿರಿ. ನಾನು 22 ಹಾಕುತ್ತೇನೆ.

ಸ್ಟಿಕರ್ ಅಂಕಿ ಹೇಳಿ, ಮುಂದಿನದ್ದು ಮಾತಾಡೋಣ.


ಗೇಜ್_ಗೌಡ್ರು:

ತೂಕ ಅವರು ನೋಡಿಕೊಳ್ಳಲಿ, ನಾನು ಜಾಗದ ಲೆಕ್ಕ ಹೇಳ್ತೀನಿ. ಇದು ಅಭಿಪ್ರಾಯದ ವಿಷಯವಲ್ಲ. ಟೇಪ್ ಹಿಡಿದರೆ ಉತ್ತರ ಸಿಗುತ್ತೆ.

ಮೊದಲು, ಶಾರ್ಟ್ ಬೆಡ್ ಯಾಕೆ ತೊಂದರೆ. ಸೂಪರ್ ಡ್ಯೂಟಿ ಕ್ರೂ ಕ್ಯಾಬ್‌ನಲ್ಲಿ ಚಿಕ್ಕ ಬೆಡ್ 81.9 ಇಂಚು, ವೀಲ್‌ಬೇಸ್ 159.8. ಉದ್ದ ಬೆಡ್ 98.1, ವೀಲ್‌ಬೇಸ್ 176. ಎರಡರಲ್ಲೂ ವ್ಯತ್ಯಾಸ 16.2 ಇಂಚೇ. ಅಂದರೆ ಉದ್ದ ಬೆಡ್‌ನ ಹೆಚ್ಚುವರಿ ಜಾಗವೆಲ್ಲ ಹಿಂದಿನ ಆಕ್ಸಲ್ ಮತ್ತು ಕ್ಯಾಬ್ ನಡುವೆ ಬಂದಿದೆ, ಆಕ್ಸಲ್ ಹಿಂದೆ ಒಂದಿಂಚೂ ಹೋಗಿಲ್ಲ. ಹಿಚ್ ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಕೂರಬೇಕಾದ್ದರಿಂದ ನಿಮಗೆ ಕಡಿಮೆಯಾದದ್ದು ಸರಿಯಾಗಿ ಆ 16 ಇಂಚು.

ಈಗ ಅಳತೆ. ಪಕ್‌ಗಳ ನಡುಬಿಂದುವಿನಿಂದ ಕ್ಯಾಬ್‌ನ ಹಿಂಭಾಗದವರೆಗೆ ಅಳೆಯಿರಿ. ಬೆಡ್‌ನ ಮುಂಗೋಡೆಯವರೆಗೆ ಅಲ್ಲ. ಗೋಡೆಗೂ ಕ್ಯಾಬ್‌ಗೂ ನಡುವೆ ಸಂದು ಇದೆ, ಟ್ರೈಲರ್ ತಾಗುವುದು ಗಾಜಿಗೆ ಅಥವಾ ಮೇಲಿನ ಬ್ರೇಕ್ ಲೈಟ್‌ಗೆ. ಗಾಜಿನ ಮೇಲಿಂದ ತೂಕದ ದಾರ ಬಿಟ್ಟು ಅಳೆದರೆ ಸರಿಯಾದ ಅಂಕಿ ಬರುತ್ತೆ.

ಉದಾಹರಣೆಗೆ 46 ಇಂಚು ಬಂತು ಅಂತಿಟ್ಟುಕೊಳ್ಳಿ. ಟ್ರೈಲರ್ ಅಗಲ 102, ಅರ್ಧ 51. ಟ್ರಕ್ ಮತ್ತು ಟ್ರೈಲರ್ ನೇರ 90 ಡಿಗ್ರಿಯಾದಾಗ ಟ್ರೈಲರ್‌ನ ಪಕ್ಕದ ಗೋಡೆ ಪಿನ್‌ನಿಂದ 51 ಇಂಚು ಕ್ಯಾಬ್ ಕಡೆಗೆ ಚಾಚಿರುತ್ತೆ. 46ರಲ್ಲಿ 51 ಹಿಡಿಸಲ್ಲ. ಪಿನ್ ಟ್ರೈಲರ್ ಮೂತಿಯ ನೇರಕ್ಕೇ ಇದ್ದರೆ ಸುಮಾರು 64 ಡಿಗ್ರಿಗೇ ಮೂಲೆ ಗಾಜಿಗೆ ಬರುತ್ತೆ. ಪಿನ್ ಮೂಲೆಗಿಂತ 12 ಇಂಚು ಮುಂದೆ ಇದ್ದರೆ, ಅಂದರೆ ಉದ್ದ ಪಿನ್ ಬಾಕ್ಸ್ ಮತ್ತು ಮೂಲೆ ಕತ್ತರಿಸಿದ ಮೂತಿ ಎರಡೂ ಸೇರಿ ಅಷ್ಟು ಅಂತರ ಕೊಟ್ಟರೆ, ಸುಮಾರು 74 ಡಿಗ್ರಿವರೆಗೆ ಹೋಗಬಹುದು. ಲಾಭ 10 ಡಿಗ್ರಿ. ಕಡಿಮೆಯೇನಲ್ಲ, ಆದರೆ 90 ಅಲ್ಲ.

ಡೀಲರ್ ಮಾತಿನಲ್ಲಿ ತಪ್ಪುವುದು ಇಲ್ಲೇ. ಮೂತಿಯ ಮೂಲೆ ಕತ್ತರಿಸಿದರೆ ನಡುವಿನ ಕೋನಗಳಲ್ಲಿ ಅನುಕೂಲ. ಪೂರ್ತಿ 90ರಲ್ಲಿ ಕ್ಯಾಬ್ ಕಡೆ ಮುಖ ಮಾಡಿರುವುದು ಮೂಲೆಯಲ್ಲ, ಪಕ್ಕದ ಗೋಡೆ. ಅಲ್ಲಿ ಲೆಕ್ಕಕ್ಕೆ ಬರುವುದು ಅರ್ಧ ಅಗಲ ಮಾತ್ರ. ಕತ್ತರಿಸಿದ ಭಾಗ ಕ್ಯಾಬ್‌ನ ಅರ್ಧ ಅಗಲದಷ್ಟು ಹಿಂದಕ್ಕೆ ಹೋಗಿದ್ದರೆ ಮಾತು ಬೇರೆ. ಬ್ರೋಷರ್‌ನ 90 ಡಿಗ್ರಿ ಯಾವ ಟ್ರಕ್, ಯಾವ ಬೆಡ್, ಹಿಚ್ ಎಲ್ಲಿ ಕೂತಾಗ ಅಂತ ಕೇಳಿ, ಉತ್ತರ ಬರೆದು ಕೊಡಲಿ.

ಇದಕ್ಕೆ ಇನ್ನೂ 4 ಇಂಚು ಸೇರಿಸಿ. ನೆಲ ಏರುತಗ್ಗಾಗಿದ್ದರೆ ಟ್ರೈಲರ್‌ನ ಮೇಲ್ಭಾಗ ಕ್ಯಾಬ್ ಕಡೆ ವಾಲುತ್ತೆ, ಲೆಕ್ಕದಲ್ಲಿ ಇಲ್ಲದ ಇಂಚುಗಳು ಅಲ್ಲಿ ಹೋಗುತ್ತವೆ. 102 ಇಂಚು ಅಗಲಕ್ಕೆ 55, 96 ಇಂಚು ಅಗಲಕ್ಕೆ 52 ಇದ್ದರೆ ನಿಶ್ಚಿಂತೆ.

ಇನ್ನೊಂದು ಸಮಾಧಾನದ ಮಾತೂ ಇದೆ. ರಸ್ತೆಯಲ್ಲಿ ಮುಂದಕ್ಕೆ ಹೋಗುವಾಗ, ಊರೊಳಗಿನ ತಿರುವಿನಲ್ಲೂ, ಈ ಕೋನ ಬರುವುದೇ ಅಪರೂಪ. ಬರುವುದು ಕ್ಯಾಂಪ್ ಸೈಟ್‌ಗೆ ಹಿಂದಕ್ಕೆ ಹಾಕುವಾಗ, ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕಿಕೊಂಡು ಮಡಚುವಾಗ. ಅದಕ್ಕೇ ಕೈಯಿಂದ ಸರಿಸುವ ಸ್ಲೈಡರ್‌ನಲ್ಲಿ ಬಹಳ ಜನ ನೆಮ್ಮದಿಯಾಗಿದ್ದಾರೆ.


ಪ್ಲೇನೋ_ಪಯಣ:

ಸ್ಟಿಕರ್‌ನಲ್ಲಿ 2,612 ಪೌಂಡ್ ಇದೆ. ಪಕ್ ನಡುವಿನಿಂದ ಗಾಜಿನವರೆಗೆ ಅಳೆದೆ, ಗೌಡ್ರು ಹೇಳಿದ 46ಕ್ಕಿಂತ ಕಾಲು ಇಂಚು ಕಮ್ಮಿ. ನಾವು ನಾಲ್ವರೂ ಸೇರಿ 560 ಪೌಂಡ್ ಆಗ್ತೀವಿ. ಹಿಚ್‌ನ ತೂಕವೂ ಇದರಲ್ಲೇ ಬರುತ್ತಾ?


ತೂಕದಯ್ಯ:

ಬರುತ್ತೆ. ಬೆಡ್‌ನಲ್ಲಿ ಕೂತದ್ದೆಲ್ಲ ಬರುತ್ತೆ. ಟೂಲ್ ಬಾಕ್ಸ್, ಜನರೇಟರ್, ಹೆಚ್ಚುವರಿ ಡೀಸೆಲ್ ಟ್ಯಾಂಕ್, ಎಲ್ಲ.

11,500 ಪೌಂಡ್‌ವರೆಗೆ ತುಂಬಿದಿರಿ ಅನ್ನಿ. ಅದರ 22 ಶೇಕಡಾ 2,530. ನಾಲ್ವರು 560. ಸ್ಲೈಡರ್ ಹಿಚ್ 230 ಹಿಡಿಯೋಣ. ಕೆಲವು ಇನ್ನೂ ಭಾರ. ಮೊತ್ತ 3,320. ನಿಮ್ಮಲ್ಲಿರುವುದು 2,612. 708 ಪೌಂಡ್ ಹೆಚ್ಚು.

ಸ್ಲೈಡರ್ ಬಿಟ್ಟು ತೀರಾ ಹಗುರದ ಹಿಚ್ ಹಾಕಿದರೂ 500 ಪೌಂಡ್ ಹೆಚ್ಚೇ. ಅಂದರೆ ಈ ಟ್ರೈಲರ್‌ಗೆ ಈ ಟ್ರಕ್‌ನಲ್ಲಿ ಸರಿಯಾದ ಹಿಚ್ ಅಂತ ಯಾವುದೂ ಇಲ್ಲ. ಏರ್ ಬ್ಯಾಗ್ ಹಾಕಿಸಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ಏರ್ ಬ್ಯಾಗ್ ಹಿಂಭಾಗ ಕುಸಿಯದ ಹಾಗೆ ಎತ್ತಿ ಹಿಡಿಯುತ್ತೆ, ಸ್ಟಿಕರ್‌ನ ಅಂಕಿಯನ್ನು ಏರಿಸಲ್ಲ. ಆಕ್ಸಲ್, ಟೈರ್, ಬ್ರೇಕ್ ಮೊದಲಿನವೇ ಇರುತ್ತವಲ್ಲ.

ದಾರಿ ಎರಡು. ಒಂದು, ಹಿಂದೆ ಪ್ರತಿ ಬದಿಗೆ ಒಂದೇ ಚಕ್ರದ ಎಫ್-350. ಹೊರಗಿನಿಂದ ಹೆಚ್ಚುಕಡಿಮೆ ಇದೇ ಗಾಡಿ, ಸ್ಟಿಕರ್ ಅಂಕಿ ಮಾತ್ರ ಗಣನೀಯವಾಗಿ ಮೇಲಿರುತ್ತೆ. ಎರಡು, ಚಿಕ್ಕ ಟ್ರೈಲರ್. ತುಂಬಿದಾಗ 8,500 ಪೌಂಡ್ ಆಗುವಂಥದ್ದಾದರೆ ಪಿನ್ 1,870. ನಾಲ್ವರು ಸೇರಿ 2,430. ಉಳಿದದ್ದು 182. ಈಗ ಹಿಚ್‌ನ ತೂಕ ನಿಜವಾಗಿಯೂ ಪ್ರಶ್ನೆಯಾಯಿತು: 230 ಪೌಂಡಿನ ಸ್ಲೈಡರ್ ಹಾಕಿದರೆ 48 ಹೆಚ್ಚು, 40 ಪೌಂಡಿನೊಳಗಿನದ್ದು ಹಾಕಿದರೆ 140ರಷ್ಟು ಉಳಿತಾಯ.

ಯಾವುದೇ ಟ್ರೈಲರ್ ಆದರೂ ತಂದ ಮೇಲೆ ಕ್ಯಾಟ್ ಸ್ಕೇಲ್‌ಗೆ (ಲಾರಿ ತೂಗುವ ತಕ್ಕಡಿ) ಹಾಕಿ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತೆ. ತುಂಬಿ, ಜೋಡಿಸಿ ಒಮ್ಮೆ ತೂಗಿ: ಮುಂದಿನ ಆಕ್ಸಲ್ ಒಂದು ಹಲಗೆ, ಹಿಂದಿನದ್ದು ಒಂದು, ಟ್ರೈಲರ್ ಚಕ್ರಗಳು ಒಂದು. ಆಮೇಲೆ ಟ್ರೈಲರ್ ಬಿಚ್ಚಿಟ್ಟು ಅದೇ ಜನ, ಅದೇ ಡೀಸೆಲ್ ಮಟ್ಟದಲ್ಲಿ ಟ್ರಕ್ ಒಂದನ್ನೇ. ಮೊದಲ ಸಲದ ಟ್ರಕ್‌ನ ಎರಡು ಆಕ್ಸಲ್‌ಗಳ ಮೊತ್ತದಿಂದ ಎರಡನೇ ಸಲದ್ದು ಕಳೆದರೆ ಪಿನ್ ತೂಕ. ಹಿಂದಿನ ಆಕ್ಸಲ್‌ನ ಅಂಕಿಯನ್ನು ಬಾಗಿಲ ಕಂಬದ ಮೇಲಿರುವ ಆಕ್ಸಲ್ ಮಿತಿಯ ಜೊತೆಗೂ ಹೋಲಿಸಿ. ಸ್ಟಿಕರ್‌ನೊಳಗಿದ್ದೂ ಆಕ್ಸಲ್ ಮೀರುವುದುಂಟು, ಏಕೆಂದರೆ ಪಿನ್‌ನ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಆಕ್ಸಲ್‌ಗೇ.


ಗ್ರೀಸ್_ಗನ್:

ಹಿಚ್‌ಗಳ ವಿಷಯಕ್ಕೆ ಬರ್ತೀನಿ.

ಕೈಯಿಂದ ಸರಿಸುವ ಸ್ಲೈಡರ್. ಬಿ ಆ್ಯಂಡ್ ಡಬ್ಲ್ಯು, ಕರ್ಟ್, ರೀಸ್, ಹಸ್ಕಿ ಎಲ್ಲರೂ ಮಾಡ್ತಾರೆ. ಬಳಸುವ ಕ್ರಮ: ಸೈಟ್ ಮುಂದೆ ಟ್ರಕ್-ಟ್ರೈಲರ್ ನೇರವಾಗಿ ನಿಲ್ಲಿಸಿ. ಇಳಿದು ಸ್ಲೈಡರ್‌ನ ಬಿಡುಗಡೆ ಹಿಡಿಕೆ ಎಳೆಯಿರಿ. ಕೂತು, ಬ್ರೇಕ್ ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೈಲರ್ ಬ್ರೇಕ್ ಮಾತ್ರ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಬಿಡಿ. ಹಿಚ್ ತಲೆ ಹಿಂದಕ್ಕೆ ಸರಿದು ಕೊನೆಯಲ್ಲಿ ಲಾಕ್ ಆಗುತ್ತೆ. ಮತ್ತೆ ಇಳಿದು ಲಾಕ್ ಕೂತಿದೆಯಾ ನೋಡಿ, ಆಮೇಲೆ ರಿವರ್ಸ್. ಹೊರಡುವಾಗ ಇದೇ ಕೆಲಸ ತಿರುವುಮುರುವು.

ಇದರಲ್ಲಿ ತಪ್ಪುವುದು ಮೂರು ಕಡೆ. ಕೋನದಲ್ಲಿ ನಿಂತು ಸರಿಸಲು ಹೋದರೆ ಹಳಿ ಸಿಕ್ಕಿಕೊಳ್ಳುತ್ತೆ. ಟ್ರೈಲರ್ ಬ್ರೇಕ್ ಸವೆದಿದ್ದರೆ ಅಥವಾ ಕಂಟ್ರೋಲರ್‌ನಲ್ಲಿ ಗೇನ್ (ಬ್ರೇಕ್‌ನ ಬಲ) ಕಮ್ಮಿ ಇಟ್ಟಿದ್ದರೆ ಟ್ರೈಲರ್ ಹಿಂದೆಯೇ ಬರುತ್ತೆ, ಹಿಚ್ ಸರಿಯಲ್ಲ. ಆಗ ಟ್ರೈಲರ್ ಚಕ್ರಗಳಿಗೆ ಚಾಕ್ (ಉರುಳದಂತೆ ತಡೆಯುವ ಅಡ್ಡಗಟ್ಟೆ) ಇಡಿ. ಮೂರನೆಯದು, ಹಿಂದಕ್ಕೆ ಸರಿಸಿದ್ದನ್ನು ಮರೆತು ಹೆದ್ದಾರಿಗೆ ಹೋಗುವುದು. ಪಿನ್ ಆಕ್ಸಲ್‌ಗಿಂತ 10 ಇಂಚು ಹಿಂದೆ ಇದ್ದು 2,500 ಪೌಂಡ್ ಕೂತರೆ 160 ಇಂಚಿನ ವೀಲ್‌ಬೇಸ್‌ನಲ್ಲಿ ಮುಂದಿನ ಆಕ್ಸಲ್‌ನಿಂದ 150 ಪೌಂಡ್ ಮೇಲೆದ್ದ ಲೆಕ್ಕ. ಸ್ಟಿಯರಿಂಗ್ ತೇಲಿದಂತಾಗುತ್ತೆ. ಗೇರ್ ಲಿವರ್‌ಗೆ ಒಂದು ಕೆಂಪು ಪಟ್ಟಿ ಕಟ್ಟಿಕೊಳ್ಳುವವರಿದ್ದಾರೆ, ಒಳ್ಳೆ ಅಭ್ಯಾಸ.

ತಾನೇ ಸರಿಯುವುದು. ಪುಲ್‌ರೈಟ್‌ನವರ ಸೂಪರ್‌ಗ್ಲೈಡ್ ಎಲ್ಲರಿಗೂ ಗೊತ್ತಿರುವುದು, ಡೆಮ್ಕೋದಲ್ಲೂ ಇದೆ. ಟ್ರೈಲರ್ ತಿರುಗಿದ ಹಾಗೆ ಹಿಚ್ ತಲೆ ಹಿಂದಕ್ಕೆ ಹೋಗುತ್ತೆ, ನೇರವಾದಾಗ ಮುಂದಕ್ಕೆ ಬರುತ್ತೆ. ಮರೆಯುವ ಪ್ರಶ್ನೆಯೇ ಇಲ್ಲ. ಸೂಪರ್‌ಗ್ಲೈಡ್‌ಗೆ ಟ್ರೈಲರ್‌ನ ಪಿನ್ ಬಾಕ್ಸ್ ಕೆಳಗೆ ಕ್ಯಾಪ್ಚರ್ ಪ್ಲೇಟ್ ಅನ್ನೋ ಉಕ್ಕಿನ ತಟ್ಟೆ ಬೋಲ್ಟ್ ಮಾಡಬೇಕು. ಪಿನ್ ಹಿಚ್ ತಲೆಯಲ್ಲಿ ಸುತ್ತದಂತೆ ಅದು ಹಿಡಿಯುತ್ತೆ, ಆ ತಿರುಗುಬಲದಿಂದಲೇ ಹಿಚ್ ಸರಿಯುವುದು. ಪಿನ್ ಬಾಕ್ಸ್ ಮಾದರಿಗೆ ತಕ್ಕ ತಟ್ಟೆಯೇ ಬೇಕು, ಆರ್ಡರ್ ಮಾಡುವ ಮುಂಚೆ ಪಿನ್ ಬಾಕ್ಸ್ ಪಕ್ಕದ ನಂಬರ್ ಬರೆದುಕೊಳ್ಳಿ. ಬೆಲೆ ಜಾಸ್ತಿ, ತೂಕ ಜಾಸ್ತಿ. ನಿಮ್ಮ ಸ್ಟಿಕರ್‌ಗೆ ಇದು ಮೊದಲೇ ಹೊರಗೆ.

ಸೈಡ್‌ವಿಂಡರ್. ರೀಸ್‌ನವರ ಪಿನ್ ಬಾಕ್ಸ್. ಹಿಚ್ ಫಿಕ್ಸೆಡ್ ಆಗಿಯೇ ಇರುತ್ತೆ. ತಿರುಗುವ ಜಾಗವನ್ನೇ ಪಿನ್‌ನಿಂದ 22 ಇಂಚು ಹಿಂದಕ್ಕೆ ಒಯ್ಯುತ್ತೆ. ಹಿಚ್ ತಲೆಯ ಬಾಯಿಯಲ್ಲಿ ಕೂರುವ ಒಂದು ಬೆಣೆ ಇದೆ, ಅದು ಪಿನ್ ಸುತ್ತದಂತೆ ತಡೆಯುತ್ತೆ. ಬೆಣೆ ಹಿಚ್ ಮಾದರಿಗೆ ಸರಿಹೊಂದಬೇಕು, ಇಲ್ಲದಿದ್ದರೆ ತಿರುಗುವ ಜಾಗ ಎರಡಾಗುತ್ತೆ, ಅದು ಅಪಾಯ. ರಿವರ್ಸ್ ಹಾಕುವಾಗ ಟ್ರೈಲರ್ ಪ್ರತಿಕ್ರಿಯೆ ಬೇರೆ ಥರ. ಸರ್ವಿಸ್‌ಗೆ ಬಿಟ್ಟಾಗ ಬೇರೆ ಟ್ರಕ್‌ನವರು ಎಳೆಯಲು ಪರದಾಡುತ್ತಾರೆ.

ಆ್ಯಂಡರ್ಸನ್. ಅಲ್ಯೂಮಿನಿಯಂನದ್ದು 35 ಪೌಂಡ್ ಆಸುಪಾಸು, ಒಬ್ಬರೇ ಎತ್ತಿ ಬೆಡ್‌ನಿಂದ ತೆಗೆಯಬಹುದು. ಪಿನ್ ಕಚ್ಚಿ ಹಿಡಿಯುವ ದವಡೆ ಇಲ್ಲ, ಕಿಂಗ್‌ಪಿನ್‌ಗೆ (ಅದೇ ಟ್ರೈಲರ್ ಪಿನ್) ಒಂದು ಅಡಾಪ್ಟರ್ ಬಿಗಿದು ಅದನ್ನು 2 5/16 ಇಂಚಿನ ಬಾಲ್ ಮೇಲೆ ಕೂರಿಸುವುದು. ಬೆಡ್ ನಡುವಿನ ಗೂಸ್‌ನೆಕ್ ಸಾಕೆಟ್‌ಗೇ (ಬಾಲ್ ಕೂರುವ ಗುಂಡಿ) ಕೂರುತ್ತೆ. ಸಡಿಲ ಇಲ್ಲದ್ದರಿಂದ ಹಿಂದೆಮುಂದೆ ಕುಲುಕಾಟ ಕಮ್ಮಿ. ಅಡಾಪ್ಟರ್ ಅನ್ನು ಹಿಮ್ಮುಖವಾಗಿ ಕೂರಿಸಿದರೆ ಕೆಲವು ಇಂಚು ಜಾಗವೂ ಸಿಗುತ್ತೆ. ಆದರೆ ಅಡಾಪ್ಟರ್ ಬೋಲ್ಟ್‌ಗಳು ಮೊದಲ ಓಟದ ನಂತರ ಸಡಿಲವಾಗುತ್ತವೆ. ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಯದೆ ಮುಂದೆ ಹೋಗಬೇಡಿ. ಅಡಾಪ್ಟರ್ ಪಿನ್ ಮೇಲೆಯೇ ಇರುವುದರಿಂದ ಮಾಮೂಲಿ ಹಿಚ್‌ನ ಟ್ರಕ್ ಅದನ್ನು ಎಳೆಯಲಾಗದು.

ಉದ್ದ ಕಂಬದ ಗೂಸ್‌ನೆಕ್ ಅಡಾಪ್ಟರ್ ಅಗ್ಗ ಅಂತ ಹೋಗಬೇಡಿ. ತೂಗು ಕಂಬ ಉದ್ದವಾದಷ್ಟೂ ಬ್ರೇಕ್ ಹಾಕಿದಾಗ ಪಿನ್ ಬಾಕ್ಸ್ ಕಟ್ಟಿರುವ ಚೌಕಟ್ಟಿನ ಮೇಲೆ ತಿರುಚುಬಲ ಹೆಚ್ಚುತ್ತೆ. ಅಲ್ಲಿ ವೆಲ್ಡ್ ಬಿರುಕು ಬಿಟ್ಟರೆ ಫ್ರೇಮ್ ವಾರಂಟಿ ಕೈಬಿಡುತ್ತೆ. ಬಾಲ್‌ಗೇ ಕೂರಿಸಬೇಕೆಂದರೆ ರೀಸ್‌ನ ಗೂಸ್ ಬಾಕ್ಸ್‌ನಂತೆ ಪೂರ್ತಿ ಪಿನ್ ಬಾಕ್ಸ್ ಬದಲಿಸುವುದು ವಾಸಿ. ಯಾವುದಾದರೂ ಸರಿ, ಫ್ರೇಮ್ ಮಾಡಿದವರಿಂದ ವಾರಂಟಿ ಮಾತು ಬರಹದಲ್ಲಿ ತರಿಸಿಕೊಳ್ಳಿ.

ಪಕ್‌ಗೆ ಕೂರಿಸುವುದು ಸುಲಭ, ಅದಕ್ಕೇ ಅಸಡ್ಡೆಯಾಗುತ್ತೆ. ನಾಲ್ಕೂ ಸಾಕೆಟ್‌ನ ಮುಚ್ಚಳ ತೆಗೆದು ಒಳಗಿನ ಮಣ್ಣು, ಕಲ್ಲುಪುಡಿ ಊದಿ ತೆಗೆಯಿರಿ. ಕಾಲುಗಳನ್ನು ಇಳಿಸಿ ಹಿಡಿಕೆ ತಿರುಗಿಸಿದಾಗ ನಾಲ್ಕೂ ಒಂದೇ ಬಿಗಿಯಲ್ಲಿ ಕೂರಬೇಕು. ಒಂದು ಸುಲಭವಾಗಿ ತಿರುಗಿತು ಅಂದರೆ ಆ ಕಾಲಿಗೆ ಭಾರ ಬೀಳುತ್ತಿಲ್ಲ. ಕೆಳಗಿನ ಅಡ್ಜಸ್ಟರ್ ನಟ್ ಬಿಗಿ ಮಾಡಿ. ಅದನ್ನು ಬಿಟ್ಟರೆ ಪ್ರತಿ ಬ್ರೇಕ್‌ಗೂ ಟಣ್ ಅನ್ನುತ್ತೆ, ಪಕ್‌ನ ಅಂಚು ಸವೆಯುತ್ತೆ. ಬೆಡ್‌ನಲ್ಲಿ ಪ್ಲಾಸ್ಟಿಕ್ ಹಾಸು ಇದ್ದರೆ ಹಿಚ್ ಕಾಲಿನ ಜಾಗದಲ್ಲಿ ಕತ್ತರಿಸಿ. ಸ್ಪ್ರೇ ಮಾಡಿದ ಲೈನರ್ ಆದರೆ ಚಿಂತೆಯಿಲ್ಲ.


ಮರಳುಗಾಡಿನ_ಮಲ್ಲಿ:

ನಡುವೆ ಒಂದು ಪ್ರಶ್ನೆ. ನಮ್ಮದು ರ್‍ಯಾಮ್ 1500, ಬೆಡ್ 5 ಅಡಿ 7 ಇಂಚು, ಪಕ್ ಇಲ್ಲ. ಚಿಕ್ಕ ಫಿಫ್ತ್ ವೀಲ್‌ಗೆ ಬೆಡ್‌ನಲ್ಲಿ ಹಿಚ್ ಕೂರುವ ಹಳಿ ಹಾಕಿಸಬಹುದಾ?


ಗ್ರೀಸ್_ಗನ್:

ಹಾಕಿಸಬಹುದು, ಹಾಕಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಆ ಬೆಡ್‌ನಲ್ಲಿ ಕ್ಯಾಬ್-ಆಕ್ಸಲ್ ಅಂತರ ಇನ್ನೂ ಕಮ್ಮಿ. ಹಿಚ್, ಹಳಿ, ಮನೆಮಂದಿ ಕಳೆದರೆ ಪಿನ್‌ಗೆ ಉಳಿಯುವುದು ಎಷ್ಟು ಅಂತ ನಿಮ್ಮ ಸ್ಟಿಕರ್ ಹಿಡಿದು ತೂಕದಯ್ಯನವರ ಲೆಕ್ಕ ಹಾಕಿ ನೋಡಿ. ಅಷ್ಟು ಹಗುರದ್ದು ಬೇಕೆಂದರೆ ಬಂಪರ್ ಹಿಂದೆ ಕಟ್ಟುವ ಟ್ರಾವೆಲ್ ಟ್ರೈಲರ್ ಮತ್ತು ತೂಕ ಹಂಚುವ ಹಿಚ್ ಮೇಲು.

ಹಳಿ ಹಾಕಿಸುವ ಬೇರೆಯವರಿಗೆ: ಬೆಡ್ ತೂತು ಮಾಡುವ ಮುಂಚೆ ಕೆಳಗೆ ಮಲಗಿ ಇಂಧನ ಪೈಪ್, ಬ್ರೇಕ್ ಪೈಪ್, ವೈರ್ ಕಟ್ಟು ಎಲ್ಲಿವೆ ನೋಡಿ, ಡ್ರಿಲ್ ಬಿಟ್‌ಗೆ ತಡೆ ಕಟ್ಟಿ. ಬೆಡ್‌ನ ನೆಲ ಏರಿಳಿತದ ತಗಡು. ಹಳಿ ಕೆಳಗಿನ ತಗ್ಗುಗಳಲ್ಲಿ ಕಿಟ್‌ನೊಂದಿಗೆ ಬರುವ ಯು ಆಕಾರದ ಸ್ಪೇಸರ್ ಇಡದೆ ಬಿಗಿದರೆ ತಗಡು ಅಪ್ಪಚ್ಚಿಯಾಗಿ ಬೋಲ್ಟ್ ಸಡಿಲವಾಗುತ್ತಾ ಹೋಗುತ್ತೆ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ. ಟ್ರಕ್‌ನ ಚೌಕಟ್ಟಿಗೆ ವೆಲ್ಡ್ ಮಾಡಲೇಬೇಡಿ. ನಿಮ್ಮ ಮಾದರಿಗೆಂದೇ ಮಾಡಿದ ಬ್ರ್ಯಾಕೆಟ್ ತರಿಸಿ, ಇರುವ ತೂತುಗಳಿಗೇ ಬೋಲ್ಟ್ ಹಾಕಿ.


ಡೀಸೆಲ್_ಧಾರವಾಡ:

ಎಲ್ಲಾರೂ ಹಿಚ್ ಆರಿಸೋದು ಹೇಳಿದ್ರಿ, ಎತ್ತರ ಯಾರೂ ಹೇಳಲಿಲ್ಲ ನೋಡ್ರಿ. ಈಗಿನ ಟ್ರಕ್‌ನ ಬೆಡ್ ಗೋಡೆ ಎತ್ತರ ಅದ. ಟ್ರೈಲರ್ ಸಮ ನಿಂತಾಗ ಅದರ ಮೂತಿ ತಳಕ್ಕೂ ಬೆಡ್ ಗೋಡೆ ಮ್ಯಾಲಿನ ಅಂಚಿಗೂ ಕನಿಷ್ಠ 5, ಆದ್ರ 6 ಇಂಚು ಸಂದು ಬೇಕು. ಪೆಟ್ರೋಲ್ ಬಂಕಿನ ದಿಣ್ಣೆ ಏರೋ ಮುಂದ ಒಂದು ಕಡೆ ವಾಲ್ತದ, ಆಗ ಗೋಡಿಗೆ ಕೂತ್ರ ಬೆಡ್ ಬಾಗ್ತದ. ಸಂದು ಸಾಲಲಿಲ್ಲ ಅಂತ ಹಿಚ್ ಏರಿಸ್ಕೋತ ಹೋದ್ರ ಟ್ರೈಲರ್ ಮೂತಿ ಮ್ಯಾಲಾಗಿ ಭಾರ ಟ್ರೈಲರಿನ ಹಿಂದಿನ ಆಕ್ಸಲ್‌ಗೆ ಹೋಗ್ತದ, ಒಟ್ಟು ಎತ್ತರಾನೂ ಏರ್ತದ. ಬಹಳ ರಾಜ್ಯದಾಗ ಎತ್ತರದ ಮಿತಿ 13 ಅಡಿ 6 ಇಂಚು, ನೆನಪಿರಲಿ. ಹಿಚ್ ತಲಿಗೂ ಎತ್ತರದ ತೂತು ಅದಾವ, ಪಿನ್ ಬಾಕ್ಸ್‌ಗೂ ಅದಾವ. ಎರಡೂ ಹೊಂದಿಸಿ ಸಮ ಮಾಡ್ರಿ.

ಇನ್ನ ಜೋಡಿಸೋದು. ನಮ್ಮ ಕಡೆ ಹೈವೇದಾಗ ಓಡೋ ಕಂಟೇನರ್ ಲಾರಿಗೆ ಇರೋದೂ ಇದs 2 ಇಂಚಿನ ಕಿಂಗ್‌ಪಿನ್. ಅಲ್ಲಿ ಆಗೋ ತಪ್ಪು ಇಲ್ಲೂ ಆಗ್ತದ: ಪಿನ್ ದವಡಿಗಿಂತ ಮ್ಯಾಲೆ ಇದ್ದು, ದವಡಿ ಖಾಲಿ ಮುಚ್ಚಿ, ನೋಡಿದವರಿಗೆ ಲಾಕ್ ಆದಂಗ ಕಾಣಸ್ತದ. ಹೊರಟ ಕೂಡ್ಲೆ ಟ್ರೈಲರ್ ಜಾರಿ ಬೆಡ್ ಗೋಡಿ ಮ್ಯಾಲೆ ಬೀಳ್ತದ.

ತಪ್ಪಸೋದು ಹಿಂಗ. ಟ್ರೈಲರ್ ಚಕ್ರಕ್ಕ ಚಾಕ್ ಇಡ್ರಿ. ಪಿನ್ ಬಾಕ್ಸ್ ತಟ್ಟಿ ಹಿಚ್ ತಲಿಗಿಂತ ಅರ್ಧ ಇಂಚು ಕೆಳಗ ಇರೋ ಹಂಗ ಟ್ರೈಲರ್ ಕಾಲು ಇಳಿಸ್ರಿ. ಟ್ರಕ್ ಹಿಂದ ಬಂದಾಗ ತಲಿ ತಟ್ಟೀನ್ನ ಸ್ವಲ್ಪ ಎತ್ತಿ ಒಳಗ ಹೋಗಬೇಕು. ದವಡಿ ಮುಚ್ಚಿತು ಅಂದ ಮ್ಯಾಲೆ ಟಾರ್ಚ್ ಹಿಡಿದು ನೋಡ್ರಿ, ತಟ್ಟಿಗೂ ತಲಿಗೂ ನಡುವ ಬೆಳಕು ಕಾಣಬಾರದು. ಹಿಡಿಕಿಗೆ ಪಿನ್ ಹಾಕ್ರಿ. ಏಳು ಪಿನ್ನಿನ ವೈರ್, ಬ್ರೇಕ್‌ಅವೇ ತಂತಿ (ಟ್ರೈಲರ್ ಕಿತ್ತು ಹೋದ್ರ ಅದರ ಬ್ರೇಕ್ ಹಿಡಿಸೋದು) ಹಚ್ಚ್ರಿ. ಟ್ರೈಲರ್ ಕಾಲು ನೆಲಕ್ಕ ಹಗೂರಕ ತಾಗಿದಂಗ ಇರಲಿ, ಪೂರಾ ಎತ್ತಬ್ಯಾಡ್ರಿ. ಚಾಕ್ ತಗೀದ ಹಂಗs, ಟ್ರೈಲರ್ ಬ್ರೇಕ್ ಕೈಯಿಂದ ಹಿಡದು, ಟ್ರಕ್ ಮುಂದ ಜಗ್ಗ್ರಿ. ಬಿಚ್ಚೂದs ಇದ್ರ ಇಲ್ಲೇ ಬಿಚ್ಚ್ತದ, ಕಾಲಿನ ಮ್ಯಾಲೆ ನಿಲ್ತದ, ಬೆಡ್ ಉಳೀತದ. ಇದು ಆದ ಮ್ಯಾಲೆನ ಟೇಲ್‌ಗೇಟ್ ಮುಚ್ಚೋದು, ಕಾಲು ಎತ್ತೋದು.

ಪಿನ್ ಮ್ಯಾಲೆ ಪ್ಲಾಸ್ಟಿಕ್ ಲ್ಯೂಬ್ ತಟ್ಟಿ ಹಾಕ್ತಾರ ಗ್ರೀಸ್ ಬದ್ಲಿ. ಛಲೋ ಅದ, ಆದ್ರ ದಪ್ಪ ಜಾಸ್ತಿ ಆದ್ರ ಪಿನ್ ಪೂರಾ ಇಳಿಯೂದಿಲ್ಲ, ದವಡಿ ಅರ್ಧಾ ಮುಚ್ಚ್ತದ. ಹಿಚ್ ಪುಸ್ತಕದಾಗ ಎಷ್ಟು ದಪ್ಪ ಅಂತ ಇರ್ತದ, ಅದರ ಮ್ಯಾಲೆ ಹೋಗಬ್ಯಾಡ್ರಿ.


ಪ್ಲೇನೋ_ಪಯಣ:

ಇಷ್ಟು ವಿವರ ಡೀಲರ್ ಹತ್ತಿರ ಸಿಗಲಿಲ್ಲ. ದೊಡ್ಡದು ಬಿಟ್ಟೆವು. ಈಗ ನೋಡುತ್ತಿರುವುದು 96 ಇಂಚು ಅಗಲದ್ದು. ಜಿವಿಡಬ್ಲ್ಯುಆರ್ 9,000ದೊಳಗೆ, ಪಿನ್ ಮೂಲೆಗಿಂತ 12 ಇಂಚು ಮುಂದಿದೆ. ಇದಕ್ಕೆ ಆ್ಯಂಡರ್ಸನ್ ಅಥವಾ ಫಿಕ್ಸೆಡ್ ಸಾಕಾಗುತ್ತಾ? ಬ್ರೇಕ್‌ಅವೇ ತಂತಿಯನ್ನು ಹಿಚ್‌ನ ಹಿಡಿಕೆಗೇ ಕಟ್ಟಬಹುದಾ?


ಗೇಜ್_ಗೌಡ್ರು:

ಅರ್ಧ ಅಗಲ 48, ನಿಮ್ಮ ಅಂತರ 46ಕ್ಕೆ ಚೂರು ಕಮ್ಮಿ. ಫಿಕ್ಸೆಡ್ ಹಿಚ್‌ನಲ್ಲಿ ಹತ್ತಿರಹತ್ತಿರ 82 ಡಿಗ್ರಿಗೆ ತಾಗುತ್ತೆ. 70ರಲ್ಲಿ ನಿಲ್ಲಿಸುತ್ತೇನೆ ಅನ್ನುವ ಶಿಸ್ತು ಇದ್ದರೆ ಸ್ಲೈಡರ್ ಬೇಡ. ಮೊದಲ ಸಲ ದೊಡ್ಡ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಬ್ಬರನ್ನು ಕ್ಯಾಬ್ ಪಕ್ಕ ನಿಲ್ಲಿಸಿ, ಎರಡೂ ಕಡೆಗೆ ನಿಧಾನವಾಗಿ ಮಡಚಿ, ಗಾಜಿಗೆ 6 ಇಂಚು ಉಳಿದಾಗ ನಿಲ್ಲಿಸಿ. ಆಗ ಪಕ್ಕದ ಕನ್ನಡಿಯಲ್ಲಿ ಟ್ರೈಲರ್‌ನ ಯಾವ ಭಾಗ ಕಾಣುತ್ತೆ ನೋಡಿಟ್ಟುಕೊಳ್ಳಿ. ಎರಡು ಬದಿಗೂ ಬೇರೆಬೇರೆ ಗುರುತು ಇರುತ್ತೆ.


ತೂಕದಯ್ಯ:

ಆ್ಯಂಡರ್ಸನ್ ನಿಮ್ಮ ಸ್ಟಿಕರ್‌ಗೆ ಸರಿ. ಫಿಕ್ಸೆಡ್ ದವಡೆ ಹಿಚ್ ಬೇಕೆಂದರೆ ಕಾಲು ಸಮೇತ 150 ಪೌಂಡ್‌ನೊಳಗಿನದ್ದು ನೋಡಿ. ಎರಡರಲ್ಲೂ ಬೆಡ್‌ನಲ್ಲಿ ಇನ್ನೇನೂ ಹೇರಬೇಡಿ, ತಾಜಾ ನೀರಿನ ಟ್ಯಾಂಕ್ ಪಿನ್ ಕಡೆ ಇದ್ದರೆ ತುಂಬಿಕೊಂಡು ಓಡಬೇಡಿ; ನೀರು ಗ್ಯಾಲನ್‌ಗೆ 8.3 ಪೌಂಡ್.

ಇದನ್ನು ಓದುವ ಕ್ಯಾಲಿಫೋರ್ನಿಯಾದವರಿಗೆ: ಫಿಫ್ತ್ ವೀಲ್‌ನ ಜಿವಿಡಬ್ಲ್ಯುಆರ್ 10,000 ದಾಟಿ 15,000ದೊಳಗಿದ್ದರೆ ಕ್ಲಾಸ್ ಸಿ ಲೈಸೆನ್ಸ್ ಮೇಲೆ ಪ್ರತ್ಯೇಕ ಅನುಮತಿ ಹಾಕಿಸಬೇಕು, 15,000 ಮೀರಿದರೆ ನಾನ್-ಕಮರ್ಷಿಯಲ್ ಕ್ಲಾಸ್ ಎ.


ಡೀಸೆಲ್_ಧಾರವಾಡ:

ತಂತಿ ಹಿಚ್‌ಗೆ ಕಟ್ಟಬ್ಯಾಡ್ರಿ. ಹಿಚ್‌ನs ಕಿತ್ತು ಟ್ರೈಲರ್ ಕೂಡ ಹೋತು ಅಂದ್ರ ತಂತಿನೂ ಅದರ ಜೋಡಿನ ಹೋಗ್ತದ, ಸ್ವಿಚ್ ಜಗ್ಗೂದಿಲ್ಲ, ಬ್ರೇಕ್ ಹತ್ತೂದಿಲ್ಲ. ಬೆಡ್‌ನ ಹಗ್ಗ ಕಟ್ಟೋ ಕೊಂಡಿಗೆ ಹಾಕ್ರಿ. ಪೂರಾ ತಿರುಗಿದಾಗ ಬಿಗಿ ಆಗದಷ್ಟು ಸಡಿಲ ಇರಲಿ, ಟೇಲ್‌ಗೇಟ್‌ನಾಗ ಸಿಗದಂಗ ನೋಡ್ಕೋರಿ.